ಎರಡನೆಯ ಜೋಡಿ ಕೈ

ನಮ್ಮ ಕುಷ್ಟಗಿ ಸೀಮೆಯಲ್ಲಿ ಸರ್ಕಾರದ ಮಾಸಾಶನಕ್ಕೆ ಪಗಾರ ಅಂತಲೇ ಹೇಳುತ್ತಾರೆ. ಮುದುಕರ ಪಗಾರ, ಗಂಡ ತೀರಿದವರ ಪಗಾರ, ಕಾಲಿಲ್ಲದವರ ಪಗಾರ. ನನಗೆ ಮಂಜೂರಾದ ಕಾಲಕ್ಕೆ ಅದು ತಿಂಗಳಿಗೆ 400 ರೂಪಾಯಿ ಇತ್ತು. ಊನದ ಪ್ರಮಾಣ ಶೇಕಡಾ 75 ದಾಟಿದವರಿಗೆ 1,000. ನನ್ನ ವೈದ್ಯಕೀಯ ಪ್ರಮಾಣಪತ್ರದಲ್ಲಿ 60 ಎಂದು ಬರೆದಿದ್ದರಿಂದ ನಾನು ನಾನೂರರ ಸಾಲಿನವಳು. ಮೊದಲ ಪಗಾರ ಕೈಗೆ ಬಂದ ವಾರ ಅವ್ವನನ್ನು ಕರೆದುಕೊಂಡು ಟಂಟಂ ಹತ್ತಿ ಕುಷ್ಟಗಿ ಸಂತೆಗೆ ಹೋದೆ. ಇಬ್ಬರ ಬಾಡಿಗೆಯನ್ನೂ ನಾನೇ ಕೊಟ್ಟೆ. ಅವ್ವ ಸೆರಗಿನ ಗಂಟು ಬಿಚ್ಚಲು ಹೋದವಳು ಸುಮ್ಮನಾದಳು. ಸಂತೆಯಲ್ಲಿ ನನಗೊಂದು ಕುಪ್ಪಸದ ಕಣ, ಅವಳಿಗೆ ಒಂದು ಜೋಡಿ ಚಪ್ಪಲಿ ಕೊಂಡೆವು. ಕಣದ ಬಣ್ಣ ಯಾವುದಿರಬೇಕೆಂದು ಯಾರೂ ನನಗೆ ಹೇಳಿಕೊಡಲಿಲ್ಲ. ಮೂವತ್ತರ ಹತ್ತಿರ ಬಂದಿದ್ದ ನನಗೆ ಅಂಥ ಸಣ್ಣ ತೀರ್ಮಾನವೂ ಹೊಸದಾಗಿತ್ತು.

ಸರ್ಕಾರ ಕೊಡುವ ನೂರಿನ್ನೂರು ರೂಪಾಯಿಯಿಂದ ಏನಾಗುತ್ತದೆ ಎಂದು ಓದಿದವರು ಕೇಳುವುದನ್ನು ಕೇಳಿದ್ದೇನೆ. ಏನಾಗುತ್ತದೆ ಎಂಬುದು ಅದು ಯಾರ ಹೆಸರಿಗೆ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಅಣ್ಣನ ಕೈಯಿಂದ ಪಡೆದ ಐನೂರಕ್ಕಿಂತ ನನ್ನ ಪಾಸ್‌ಬುಕ್ಕಿನಲ್ಲಿದ್ದ ನಾನೂರು ದೊಡ್ಡದಾಗಿತ್ತು. ಅಣ್ಣ ಕೆಟ್ಟವನಲ್ಲ, ಕೇಳಿದರೆ ಕೊಡುತ್ತಿದ್ದ. ಆದರೆ ಕೇಳಬೇಕಿತ್ತು.

ನಾನು ಹುಟ್ಟಿದಾಗ ನಮ್ಮ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹನುಮಸಾಗರ ಕಡೆಯ ನಮ್ಮ ಹಳ್ಳಿಯಿಂದ ರಾಯಚೂರಿನ ದೊಡ್ಡಾಸ್ಪತ್ರೆ ಅಂದರೆ ಒಂದು ದಿನ ಹೋಗುವುದಕ್ಕೆ, ಒಂದು ದಿನ ಬರುವುದಕ್ಕೆ. ನನಗೆ ಎರಡು ತುಂಬುವ ಹೊತ್ತಿಗೆ ಜ್ವರ ಬಂತಂತೆ. ಸೂಜಿ ಮಾಡಿಸಿದರು. ಮರುದಿನ ಎಡಗಾಲು ಎತ್ತಲಿಲ್ಲ. ಸೂಜಿಯಿಂದಲೇ ಕಾಲು ಹೋಯಿತು ಅಂತ ಅವ್ವ ಇವತ್ತಿಗೂ ಹೇಳುತ್ತಾಳೆ. ಪೋಲಿಯೊ ವೈರಾಣು ಮೈಯಲ್ಲಿರುವಾಗ ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟರೆ ಆ ಅಂಗ ಸೋಲುವ ಅಪಾಯ ಹೆಚ್ಚುತ್ತದೆ ಎಂದು ವೈದ್ಯರೇ ಹೇಳುವುದರಿಂದ ಅವ್ವನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಸಿಕ್ಕಿತು, 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ನಮ್ಮೂರಲ್ಲಿ ನನಗಿಂತ ಚಿಕ್ಕವರಲ್ಲಿ ಈ ಕಾಲಿನವರು ಬಹಳ ಮಂದಿಯಿಲ್ಲ. ಅದು ನನಗೆ ನಿಜವಾದ ಸಂತೋಷ.

ಶಾಲೆಗೆ ಅವ್ವನೇ ಹೊತ್ತುಕೊಂಡು ಹೋಗುತ್ತಿದ್ದಳು. ಮೊದಲು ಬಗಲಲ್ಲಿ, ಬೆಳೆದಂತೆ ಬೆನ್ನ ಮೇಲೆ. ಬೆಳಕು ಹರಿಯುವ ಮುಂಚೆ ಬಯಲ ಕಡೆ ಕರೆದೊಯ್ಯಬೇಕು, ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಗೆ ಬಂದು ಹೋಗಬೇಕು, ಜಾತ್ರೆಯಲ್ಲಿ ತೇರು ಕಾಣುವಂತೆ ಕಟ್ಟೆಯ ಮೇಲೆ ಕೂರಿಸಬೇಕು. ಕಸ ತೆಗೆಯುವ ಕಾಲಕ್ಕೆ ಊರ ಹೆಣ್ಣುಮಕ್ಕಳೆಲ್ಲ ಏಳಕ್ಕೆ ಹೊಲ ಸೇರಿದರೆ ಅವ್ವ ನನ್ನನ್ನು ಬಿಟ್ಟು ಹತ್ತಕ್ಕೆ ಸೇರುತ್ತಿದ್ದಳು. ಹೊಲದವರು ಅರ್ಧ ಕೂಲಿ ಹಿಡಿಯುತ್ತಿದ್ದರು. ಹಿಡಿದ ಆ ಅರ್ಧ ಕೂಲಿ ನನ್ನ ಅಂಗವೈಕಲ್ಯದ ಲೆಕ್ಕದಲ್ಲಿ ಎಲ್ಲೂ ಇಲ್ಲ. ನನ್ನ ಪ್ರಮಾಣಪತ್ರದಲ್ಲಿ ಒಂದೇ ದೇಹದ ಅಳತೆಯಿದೆ. ಬದುಕಿದ್ದು ಎರಡು ದೇಹದಿಂದ.

ಅವ್ವನ ಬೆನ್ನಿನಿಂದ ಇಳಿದದ್ದು ಒಂದು ಶಿಬಿರದಲ್ಲಿ ಕ್ಯಾಲಿಪರ್ ಸಿಕ್ಕ ಮೇಲೆ. ಕಬ್ಬಿಣದ ಸರಳು, ಚರ್ಮದ ಪಟ್ಟಿ, ಮೊಣಕಾಲಲ್ಲಿ ಒಂದು ಚಿಲಕ. ಬೇಸಿಗೆಯಲ್ಲಿ ಪಟ್ಟಿಯ ಕೆಳಗೆ ಮೈ ಬೆಂದು ಹೋಗುತ್ತಿತ್ತು. ಆದರೂ ಅದನ್ನು ಕಟ್ಟಿಕೊಂಡು ಎಸ್ಸೆಸ್ಸೆಲ್ಸಿ ಮುಗಿಸಿದೆ. ಹೊಲಿಗೆ ಕಲಿತೆ. ಬಲಗಾಲೊಂದರಿಂದಲೇ ಪೆಡಲು ತುಳಿದು ಓಣಿಯ ಮಂದಿಗೆ ಕುಪ್ಪಸ ಹೊಲಿದುಕೊಟ್ಟೆ.

2007–08ರ ಹೊತ್ತಿಗೆ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ತೆಗೆದುಕೊಳ್ಳುವ ಯೋಜನೆ ಬಂತು. ಆ ಕೆಲಸ ಅಂಗವಿಕಲರಿಗೇ ಮೀಸಲು, ನಮ್ಮ ಪಂಚಾಯಿತಿಯಲ್ಲಿ ನನಗೆ ಸಿಕ್ಕಿತು. ತಾಲ್ಲೂಕಿಗೊಬ್ಬರು ಬಹುವಿಧ ಪುನರ್ವಸತಿ ಕಾರ್ಯಕರ್ತರು, ಅವರ ಕೆಳಗೆ ನಾವು. ಗೌರವಧನ ಕಡಿಮೆ, ಕೆಲಸ ಕಾಯಂ ಅಲ್ಲ, ಇವತ್ತಿಗೂ ಅಲ್ಲ. ಆದರೆ ಸರ್ಕಾರದ ಒಂದು ಒಳ್ಳೆಯ ವಿಚಾರ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕಾಲು ಸೋತವಳ ಮನೆಗೆ ಕಾಲು ಸೋತವಳೇ ಅರ್ಜಿ ಹಿಡಿದು ಹೋದರೆ ಅಲ್ಲಿ ಮಾತು ಬೇರೆ ರೀತಿ ಶುರುವಾಗುತ್ತದೆ. ನನ್ನ ಕ್ಯಾಲಿಪರಿನ ಸಪ್ಪಳ ಕೇಳಿಯೇ ಎಷ್ಟೋ ಮನೆಯವರು ಒಳಗೆ ಮುಚ್ಚಿಟ್ಟಿದ್ದ ಮಕ್ಕಳನ್ನು ಹೊರಗೆ ತಂದು ಕೂರಿಸಿದರು.

ಆ ಮನೆಗಳಲ್ಲಿ ನಾನು ಕಂಡದ್ದನ್ನೆಲ್ಲ ಬರೆಯಲು ಆಗುವುದಿಲ್ಲ. ಕಣ್ಣಿಲ್ಲದ ಗಂಡುಹುಡುಗನಿದ್ದರೆ ಹೇಗೋ ದಾರಿ ಗೊತ್ತಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಿಟ್ಟು ಬರುತ್ತಿದ್ದರು; ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದೆ ನಾಡಿಗೆ ಸಂಗೀತ ಕೊಟ್ಟವರು, ಅವರ ನೆರಳಿನಲ್ಲಿ ಮಗ ಹಾರ್ಮೋನಿಯಂ ಹಿಡಿದು ಅನ್ನ ದುಡಿದಾನು ಅನ್ನುವ ಭರವಸೆ. ಬುದ್ಧಿ ಬೆಳೆಯದ ಹೆಣ್ಣುಮಗಳಿದ್ದ ಮನೆಯವರಿಗೆ ಅಂಥ ದಾರಿಯೇ ಇರಲಿಲ್ಲ. ಅಂಗವಿಕಲರ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆ 2017ರ ಏಪ್ರಿಲಿನಲ್ಲಿ ಜಾರಿಯಾದಾಗ ಅವು ಇಪ್ಪತ್ತೊಂದಾದವು. ಕುಡಗೋಲು ರಕ್ತಕಣದವರು, ಆಸಿಡ್ ದಾಳಿಗೆ ಸಿಕ್ಕವರು, ಪಾರ್ಕಿನ್ಸನ್ಸ್ ಬೇನೆಯವರು ಪಟ್ಟಿಗೆ ಸೇರಿದರು. ನನ್ನ ವಹಿಯಲ್ಲಿ ಹೊಸ ಪುಟಗಳು ತೆರೆದವು.

ಪ್ರಮಾಣಪತ್ರ ಕೊಡುವ ಶಿಬಿರದ ದಿನ ತಾಲ್ಲೂಕು ಆಸ್ಪತ್ರೆಯ ಅಂಗಳ ತುಂಬಿಹೋಗುತ್ತದೆ. ಎಲುಬು ಕೀಲಿನ ಡಾಕ್ಟರು ಮೊಣಕಾಲು ಮಡಚಿ ನೋಡುತ್ತಾರೆ, ತಮ್ಮ ಅಂಗೈಗೆ ಒತ್ತು ಎನ್ನುತ್ತಾರೆ, ಒಂದು ಸಂಖ್ಯೆ ಬರೆಯುತ್ತಾರೆ. ಶೇಕಡಾ 40ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. 75 ದಾಟಿದರೆ ದೊಡ್ಡ ಪಗಾರ. 70 ಬರೆಸಿಕೊಂಡು ಬಂದ ಒಬ್ಬ ಹೆಣ್ಣುಮಗಳು ಅಂಗಳದ ಬೇವಿನ ಗಿಡದ ಕೆಳಗೆ ಕುಂತು, "ಇನ್ನೊಂದಿಷ್ಟು ಕೆಟ್ಟಿದ್ರ ಚಲೋ ಇತ್ತಲ್ಲಕ್ಕ" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಡಾಕ್ಟರದು ತಪ್ಪೆಂದು ಹೇಳುತ್ತಿಲ್ಲ. ಅವರ ಮುಂದಿರುವ ಹಾಳೆ ಕೇಳುವುದು ಕೀಲು ಎಷ್ಟು ಮಡಚುತ್ತದೆ ಎಂಬುದನ್ನು. ಮನೆಯ ಹೊಸ್ತಿಲು ಎಷ್ಟೆತ್ತರ, ನಳ ಎಷ್ಟು ದೂರ, ಮಳೆ ಬಿದ್ದರೆ ಎರಿ ಮಣ್ಣಿನಲ್ಲಿ ಮೂರು ಗಾಲಿ ಸೈಕಲ್ ಎಷ್ಟು ಹೊತ್ತು ಹುಗಿದು ನಿಲ್ಲುತ್ತದೆ, ಮನೆಯಲ್ಲಿ ಎತ್ತಿ ಇಳಿಸುವವರು ಯಾರಿದ್ದಾರೆ, ಅವರ ವಯಸ್ಸೆಷ್ಟು ಎಂಬ ಪ್ರಶ್ನೆಗಳಿಗೆ ಆ ಹಾಳೆಯಲ್ಲಿ ಜಾಗವಿಲ್ಲ.

ಪಗಾರದ ಅರ್ಜಿಗೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು ಎಂಬ ಮಿತಿಯಿದೆ. ಕುಟುಂಬ ಅಂದರೆ ರೇಷನ್ ಕಾರ್ಡಿನಲ್ಲಿ ಇರುವವರೆಲ್ಲ. ಕಿವಿ ಕೇಳದ, ಮಾತು ಬಾರದ ಒಬ್ಬ ಹೆಣ್ಣುಮಗಳ ಅರ್ಜಿ ತಮ್ಮನಿಗೆ ನೌಕರಿ ಸಿಕ್ಕಿದ ಕಾರಣಕ್ಕೆ ನಿಂತುಹೋಯಿತು. ತಮ್ಮನ ಸಂಬಳದಲ್ಲಿ ಅವಳ ಪಾಲು ಎಷ್ಟು? ಮಕ್ಕಳನ್ನು ಆಡಿಸಿ, ಪಾತ್ರೆ ತಿಕ್ಕಿ, ಎರಡು ಹೊತ್ತು ಉಣ್ಣುವುದು. ಅವಳಿಗೆ ತನ್ನದೇ ಕಾರ್ಡು ಮಾಡಿಸಲು ನಾನು ಅವಳೊಂದಿಗೆ ಓಡಾಡಿದೆ. ಮನೆಯವರು ನನ್ನ ಮೇಲೆ ಸಿಟ್ಟಾದರು. ಮನೆ ಒಡೆಯಾಕ ಬಂದಾಳ ಅಂದರು. ಕಾರ್ಡು ಆಯಿತು, ಪಗಾರವೂ ಆಯಿತು. ಅವಳು ಈಗಲೂ ಅದೇ ಮನೆಯಲ್ಲಿದ್ದಾಳೆ, ಅದೇ ಪಾತ್ರೆ ತಿಕ್ಕುತ್ತಾಳೆ. ಬದಲಾದದ್ದು ಇಷ್ಟೇ: ಹನುಮಸಾಗರಕ್ಕೆ ಹೋಗಬೇಕೆನಿಸಿದರೆ ಚೀಲ ಹಿಡಿದು ಹೊರಡುತ್ತಾಳೆ, ಯಾರೂ ತಡೆಯುವುದಿಲ್ಲ.

ಹಣದ ಮೊತ್ತದ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಕೂಡಲೇ ಮಾಸಾಶನಗಳನ್ನು ಏರಿಸಿದರು. ಶೇಕಡಾ 40ರಿಂದ 75ರ ನಡುವಿನ ಅಂಗವಿಕಲರಿಗೆ 600 ಇದ್ದದ್ದು 800 ಆಯಿತು. ಅದೇ ದಿನ ಹಿರಿಯರ ಮಾಸಾಶನವಾದ ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ ಹೋಯಿತು. 2016ರ ಕಾಯ್ದೆಯ 24ನೆಯ ಕಲಮು ಏನು ಹೇಳುತ್ತದೆ ಅಂದರೆ, ಇಂಥ ಯೋಜನೆಗಳಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಅಂಗವಿಕಲರಿಗೆ ಕನಿಷ್ಠ ಶೇಕಡಾ 25ರಷ್ಟು ಹೆಚ್ಚು ಕೊಡಬೇಕು. ಕಾರಣ ಸರಳ. ಒಂದೇ ಜೀವನ ನಡೆಸಲು ನಮಗೆ ಖರ್ಚು ಹೆಚ್ಚು. ನಡೆದುಹೋಗುವವರು ನಡೆದುಹೋಗುತ್ತಾರೆ, ನಾವು ಬಾಡಿಗೆ ಕೊಡುತ್ತೇವೆ. ಹಿರಿಯರಿಗೆ ಕೊಡುವುದು ಕಡಿಮೆಯಾಗಲಿ ಎಂದು ನಾನು ಹೇಳುವವಳಲ್ಲ, ನನ್ನ ಅವ್ವ ಆ ಪಗಾರವನ್ನೇ ತೆಗೆದುಕೊಳ್ಳುತ್ತಾಳೆ. ಅವಳಿಗೆ 1,200, ನನ್ನ ಸಾಲಿನವರಿಗೆ 800. ಇನ್ನು ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಮಾಸಾಶನದಲ್ಲಿ ದಿಲ್ಲಿಯ ಪಾಲು 300 ರೂಪಾಯಿ. 2012ರಲ್ಲಿ ನಿಂತದ್ದು ಅಲ್ಲೇ ನಿಂತಿದೆ. ಆ ವರ್ಷದ ಅಕ್ಕಿ ಬೇಳೆಯ ರೇಟು ನೆನಪಿದ್ದವರು ಲೆಕ್ಕ ಹಾಕಬಹುದು.

ಅಂಗವಿಕಲರ ಬಸ್ಸಿನ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ ನೂರು ಕಿಲೋಮೀಟರ್ ಒಳಗೆ. ಕೊಪ್ಪಳ, ಇಳಕಲ್ಲು, ಗದಗಕ್ಕೆ ಸಾಕು. ದೊಡ್ಡ ಆಸ್ಪತ್ರೆಯೆಂದು ನಮ್ಮ ಮಂದಿ ಓಡುವ ಹುಬ್ಬಳ್ಳಿಗೆ ಸಾಲದು. 2023ರ ಜೂನಿನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನನ್ನಂಥ ಹೆಣ್ಣುಮಕ್ಕಳು ಪಾಸಿನ ಚಿಂತೆ ಬಿಟ್ಟೆವು, ಗಂಡಸರು ಇನ್ನೂ ಕಟ್ಟುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಗದಗ–ವಾಡಿ ಮಾರ್ಗದ ಮಾತನ್ನು ನಾವು ಚಿಕ್ಕವರಿದ್ದಾಗಿನಿಂದ ಕೇಳಿದ್ದೆವು. ಹುಬ್ಬಳ್ಳಿಯ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ನಿಂತದ್ದನ್ನು ನೋಡಲು ಊರಿಗೆ ಊರೇ ನೆರೆಯಿತು. ನನಗೆ ರೈಲಿನ ನಿಯಮದಲ್ಲಿ ಮೊದಲಿನಿಂದಲೂ ಒಂದು ಸಂಗತಿ ಬಹಳ ಹಿಡಿಸಿದೆ. ಒಬ್ಬರ ಸಹಾಯವಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಟಿಕೆಟ್ಟಿನಲ್ಲಿ ಶೇಕಡಾ 75 ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಅಂದರೆ ಜೊತೆಗಿನ ಜೀವವನ್ನು ಎಣಿಸಿದ್ದಾರೆ. ನಾನು ತುಂಬಿದ ಅರ್ಜಿಗಳ ಪೈಕಿ ಎರಡನೆಯ ಮನುಷ್ಯನಿಗೆ ಜಾಗ ಕೊಟ್ಟದ್ದು ಬಹಳ ಕಡಿಮೆ.

ಆ ಎರಡನೆಯ ಮನುಷ್ಯನ ವಿಚಾರ ನನಗೆ ಪೂರ್ತಿ ಅರ್ಥವಾದದ್ದು ನನ್ನ ಪಂಚಾಯಿತಿಯ ಒಬ್ಬ ಹುಡುಗನಿಂದ. ನಮ್ಮ ತಾಲ್ಲೂಕಿನಲ್ಲಿ ಮಳೆ ಹೋಯಿತೆಂದರೆ ಮಂದಿ ಗುಳೆ ಹೋಗುತ್ತಾರೆ. ಮಂಗಳೂರು, ಬೆಂಗಳೂರು, ಗೋವಾ. ಅವನೂ ಹೋಗಿದ್ದ. ಕಟ್ಟುವ ಕಟ್ಟಡದ ಸಾರವೆಯಿಂದ ಬಿದ್ದ. ಬೆನ್ನುಹುರಿ ಮುರಿದು ಎದೆಯಿಂದ ಕೆಳಗೆ ಸ್ಪರ್ಶವಿಲ್ಲದೆ ಊರಿಗೆ ಬಂದ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿದ್ದಿದ್ದರೆ ಅಲ್ಲಿಂದ ಪರಿಹಾರವೂ ಪಿಂಚಣಿಯೂ ಸಿಗುತ್ತಿತ್ತು. ಮಾಡಿಸಿರಲಿಲ್ಲ. ನಾನು ಮೊದಲ ಸಲ ಹೋದಾಗ ಟಗಡಿನ ಮನೆಯ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಸೊಂಟದ ಹಿಂದೆ ಹಾಸಿಗೆ ಹುಣ್ಣು. ಅವರವ್ವ ನನಗಿಂತ ಬಹಳ ದೊಡ್ಡವಳು, ಗೂನುಬೆನ್ನಿನವಳು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಅಂತ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಹಗಲೂ ರಾತ್ರಿಯೂ ಎರಡು ತಾಸಿಗೊಮ್ಮೆ. ಅವಳು ಅದನ್ನು ಮಾಡುತ್ತಲೇ ಇದ್ದಳು.

ಕೊಪ್ಪಳ, ರಾಯಚೂರು ಭಾಗದಲ್ಲಿ ಅಂಗವಿಕಲರ ನಡುವೆ ಬಹುಕಾಲದಿಂದ ಕೆಲಸ ಮಾಡುತ್ತ ಬಂದಿರುವ ಸಮೂಹ ಸಾಮರ್ಥ್ಯದಂಥ ಸಂಸ್ಥೆಗಳಿರುವುದು ನಮ್ಮ ಜಿಲ್ಲೆಯ ಪುಣ್ಯ. ಅಂಥ ಅನುಭವವಿದ್ದವರು ಅವನಿಗೆ ಕೈಗಳ ಬಲದ ಮೇಲೆ ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟುವುದನ್ನು, ಉಚ್ಚೆಯ ನಳಿಕೆಯನ್ನು ಸ್ವಚ್ಛವಾಗಿಡುವುದನ್ನು, ಕನ್ನಡಿ ಹಿಡಿದು ತನ್ನ ಬೆನ್ನು ತಾನೇ ನೋಡಿಕೊಳ್ಳುವುದನ್ನು ಕಲಿಸಿದರು. ಪಗಾರ 1,400 ಮಂಜೂರಾಯಿತು. ಗಾಲಿಕುರ್ಚಿ ಬಂತು. ಕಾಗದದ ಮೇಲೆ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಗಾಲಿಕುರ್ಚಿ ಮನೆಯ ಬಾಗಿಲು ದಾಟುತ್ತಿರಲಿಲ್ಲ. ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಕಟ್ಟಿಸಿದ ಪಾಯಖಾನೆಗೆ ಮೂರು ಮೆಟ್ಟಿಲು, ಒಳಗೆ ಎರಡು ಹೆಜ್ಜೆ ಜಾಗ. ಅವನಿಗೆ ಎಲ್ಲವೂ ಹಾಸಿಗೆಯಲ್ಲೇ. ಇಪ್ಪತ್ತೈದು ದಾಟದ ಹುಡುಗ, ಅವ್ವನ ಮುಂದೆ. "ಅಕ್ಕಾ, ಎಲ್ಲಾ ಕೊಟ್ರಿ. ನನ್ನ ಮಾನ ಒಂದು ಕೊಡ್ಸ್ರಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವರಮಾನದಲ್ಲಿ ಶೇಕಡಾ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕೆಂಬ ನಿಯಮವಿದೆ. ಮೊದಲು ಅದು 3 ಇತ್ತು. ಮನೆ ಕರ, ನೀರಿನ ಕರದಿಂದ ಬರುವ ಹಣದಲ್ಲಿ ಐದು ಪಾಲು. ಸಣ್ಣ ಪಂಚಾಯಿತಿಗೆ ಅದು ದೊಡ್ಡ ಮೊತ್ತವಲ್ಲ. ಪ್ರತಿ ವರ್ಷವೂ ಅದನ್ನು ಪಟ್ಟಿಯಲ್ಲಿದ್ದವರಿಗೆಲ್ಲ ಸಮನಾಗಿ ಹಂಚುವುದು ವಾಡಿಕೆಯಾಗಿತ್ತು. ಒಂದು ವರ್ಷ ಕಂಬಳಿ, ಒಂದು ವರ್ಷ ತಲೆಗಿಷ್ಟು ಅಂತ ಚೆಕ್ಕು. ಯಾರಿಗೂ ಬೇಸರವಿಲ್ಲ, ಫೋಟೋ ಚೆನ್ನಾಗಿ ಬರುತ್ತದೆ.

ಆ ವರ್ಷ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು, ಈ ಸಲದ ಹಣದಿಂದ ಆ ಹುಡುಗನ ಮನೆಗೆ ಇಳಿಜಾರು, ಅಗಲ ಬಾಗಿಲಿನ ಪಾಯಖಾನೆ, ಗೋಡೆಗೆ ಹಿಡಿಕೆ ಮಾಡಿಸಿಕೊಡಿ ಎಂದು ಕೇಳಿದೆ. ಗದ್ದಲವೆದ್ದಿತು. ಸದಸ್ಯರು ಸುಮ್ಮನಿದ್ದರು. ಎದುರು ನಿಂತವರು ನಮ್ಮವರೇ, ನಾನೇ ಅರ್ಜಿ ಬರೆದುಕೊಟ್ಟ ಮಂದಿ.

"ಎಲ್ಲಾರ್ದೂ ರೊಕ್ಕ ಒಬ್ಬಂಗ ಹ್ಯಾಂಗ್ ಕೊಡ್ತೀರಿ ಅಕ್ಕಾರ? ನಾವೇನು ಕಾಲಿದ್ದವ್ರಾ?" ಅಂತ ಒಬ್ಬ ಹಿರಿಯ ಬಡಿಗೆ ಊರಿಕೊಂಡು ಎದ್ದ.

ಅವನ ಮಾತಿನಲ್ಲಿ ನ್ಯಾಯವಿತ್ತು. ಅವನಿಗೆ ಆ ಕಂಬಳಿ ಬೇಕೇ ಬೇಕಿತ್ತು. ಇದ್ದ ಒಂದು ಬುಟ್ಟಿ ರೊಟ್ಟಿಯನ್ನು ಹಸಿದ ಮನೆಮಂದಿಯ ಮುಂದಿಟ್ಟು ನೀವೇ ಹಂಚಿಕೊಳ್ಳಿ ಅಂದಂತೆ ಆಗಿತ್ತು ನಮ್ಮ ಪಾಡು. ಯಾರ ಪಾಲು ಹೆಚ್ಚಿಸಿದರೂ ಇನ್ನೊಬ್ಬ ಬಡವನದು ಕಡಿಮೆಯಾಗುತ್ತದೆ. ನಾನು ವಾದ ಮಾಡಲಿಲ್ಲ. "ಕಾಕಾ, ನೀವು ಮುಂಜಾನೆ ಬಯಲಿಗೆ ಹೊಂಟ್ರ ಬಡಿಗಿ ಹಿಡ್ಕೊಂಡು ಹೋಗ್ತೀರಿ. ಅವ್ನು ಎಲ್ಲಿಗೆ ಹೋಗ್ಬೇಕ್ರಿ?" ಎಂದಷ್ಟೇ ಕೇಳಿದೆ. ಸಭೆಯಲ್ಲಿ ಹಿಂದೆ ಕುಂತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಎದ್ದು, "ಅವ್ರ ಅವ್ವನ ನೋಡಿದ್ರೇನು ನೀವು ಯಾರಾರ? ಆಕಿ ನಮ್ಮಗತೆ ಕೂಲಿಗೆ ಬರ್ತಿದ್ಲು. ಹೊಲ ಕಂಡು ಎರಡು ವರ್ಷ ಆತು" ಅಂದಳು. ಪಿಡಿಓ ಸಾಹೇಬರು ನಡಾವಳಿ ಪುಸ್ತಕ ತೆರೆದರು. ಬಡಿಗೆಯ ಹಿರಿಯನೇ ಕೊನೆಗೆ, "ಬರ್ಕೊಳ್ರಿ. ಮುಂದಿನ ವರ್ಸ ನಮ್ಮ ಓಣಿ ನಳದ ಕಟ್ಟಿ ಇಳಿಸ್ರಿ ಮತ್ತ" ಅಂದ. ಅದನ್ನೂ ಬರೆದುಕೊಂಡರು. ಇಳಿಸಿದರು ಕೂಡ.

ಪಾಯಖಾನೆ ಕಟ್ಟುವಾಗ ಆ ಹುಡುಗ ಕುರ್ಚಿಯ ಮೇಲೆ ಕುಂತು ಗೌಂಡಿಗೆ ಅಳತೆ ಹೇಳಿದ. ಬಾಗಿಲು ಇಷ್ಟು, ಹಿಡಿಕೆ ಇಷ್ಟೆತ್ತರ, ಇಳಿಜಾರು ಇಷ್ಟು ಉದ್ದ. ಕಟ್ಟಡದ ಕೆಲಸ ಬಲ್ಲವನಲ್ಲವೇ. ಬಿದ್ದ ಮೇಲೆ ಅವನ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ನನಗೆ ಅದೇ ಮೊದಲು.

ಅದೇ ದಿನಗಳಲ್ಲಿ ಒಂದು ತರಬೇತಿಯಲ್ಲಿ ಹೊರದೇಶಗಳ ಮಾತು ಬಂತು. ಅಮೆರಿಕದ ಎಡ್ ರಾಬರ್ಟ್ಸ್ ಎಂಬಾತ 1953ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಪೋಲಿಯೊ ಆಗಿ ಕತ್ತಿನ ಕೆಳಗೆ ಸೋತವನು, ಉಸಿರಾಟಕ್ಕೂ ಯಂತ್ರ ಬೇಕಿತ್ತು. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದ. 1972ರಲ್ಲಿ ಅಲ್ಲಿ ಅಂಗವಿಕಲರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯಿತು. ನನ್ನದೇ ಬೇನೆಯವನಾದ್ದರಿಂದ ಅವನ ಕಥೆಯನ್ನು ನಾನು ಕಿವಿಗೊಟ್ಟು ಕೇಳಿದೆ. ಅವನಿಗೆ ಅನ್ನ ತಿನ್ನಿಸುವವರು, ಬಟ್ಟೆ ಹಾಕುವವರು ಇದ್ದರು. ಅವರನ್ನು ಗೊತ್ತು ಮಾಡುವವನು, ಏನು ಮಾಡಬೇಕೆಂದು ಹೇಳುವವನು ಅವನೇ. ಬ್ರಿಟನ್ನಿನಲ್ಲಿ 1988ರಲ್ಲಿ ಸ್ವತಂತ್ರ ಬದುಕಿನ ನಿಧಿಯೊಂದನ್ನು ಮಾಡಿದ್ದರು. ತೀವ್ರ ಅಂಗವಿಕಲರ ಕೈಗೇ ಹಣ ಕೊಟ್ಟು, ನಿಮ್ಮ ಸಹಾಯಕರನ್ನು ನೀವೇ ಇಟ್ಟುಕೊಳ್ಳಿ ಎನ್ನುವ ವ್ಯವಸ್ಥೆ. ಸುಮಾರು 18,000 ಜನ ಅದರ ಮೇಲೆ ಬದುಕು ಕಟ್ಟಿಕೊಂಡಿದ್ದಾಗ, 2015ರ ಜೂನ್ 30ರಂದು ಅದನ್ನು ಮುಚ್ಚಿ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ದಾಟಿಸಿದರು. ಅಂಗವಿಕಲರು ನ್ಯಾಯಾಲಯದವರೆಗೂ ಹೋಗಿ ಹೋರಾಡಿದ್ದರು. ಶ್ರೀಮಂತ ದೇಶದಲ್ಲೂ ಇಂಥ ಹಣ ಒಂದು ಆದೇಶದ ಮೇಲೆ ನಿಂತಿರುತ್ತದೆ ಎಂದು ತಿಳಿದು ನನಗೆ ಹೆದರಿಕೆಯಾಯಿತು. ಅದರ ಜೊತೆಗೆ ಇನ್ನೊಂದು ವಿಷಯವೂ ಗಟ್ಟಿಯಾಯಿತು. ಅಲ್ಲಿಯವರು ಕೇಳಿದ್ದು, ನಮ್ಮ ಹುಡುಗ ಕೇಳಿದ್ದು ಒಂದೇ.

ನಮ್ಮ 2016ರ ಕಾಯ್ದೆಯಲ್ಲೂ ಅಂಥ ಸಹಾಯದ ಮಾತಿದೆ. 5ನೆಯ ಕಲಮು ಅಂಗವಿಕಲರಿಗೆ ಸಮುದಾಯದಲ್ಲಿ ಬದುಕುವ ಹಕ್ಕನ್ನು ಕೊಟ್ಟು, ಅದಕ್ಕೆ ಬೇಕಾದ ವೈಯಕ್ತಿಕ ಸಹಾಯವನ್ನೂ ಹೆಸರಿಸಿದೆ. 38ನೆಯ ಕಲಮಿನ ಪ್ರಕಾರ, ತನಗೆ ಹೆಚ್ಚಿನ ಬೆಂಬಲ ಬೇಕೆಂದು ಅನಿಸಿದ ಅಂಗವಿಕಲ ವ್ಯಕ್ತಿ ತಾನೇ ಅರ್ಜಿ ಹಾಕಬಹುದು, ಅವನ ಪರವಾಗಿ ಬೇರೆಯವರೂ ಹಾಕಬಹುದು. ಎಷ್ಟೋ ವರ್ಷ ಅರ್ಜಿ ಬರೆದ ನಾನು ಈ ಕಲಮನ್ನು ಬಳಸಿ ಒಂದೂ ಅರ್ಜಿ ಬರೆದಿರಲಿಲ್ಲ, ಬರೆದವರನ್ನು ಕಂಡೂ ಇರಲಿಲ್ಲ. ಗಾಲಿಕುರ್ಚಿ, ಹೊಲಿಗೆ ಯಂತ್ರ, ಪಕ್ಕಕ್ಕೆರಡು ಗಾಲಿ ಜೋಡಿಸಿದ ಸ್ಕೂಟರ್ ಇವೆಲ್ಲ ಕೊಡುವುದು ಸುಲಭ. ವೇದಿಕೆಯಿದೆ, ವಸ್ತುವಿದೆ, ಸಹಿ ಹಾಕಿಸಿಕೊಂಡರೆ ಆಯಿತು. ದಿನಾ ಬೆಳಿಗ್ಗೆ ಬಂದು ಎತ್ತಿ ಕೂರಿಸುವ ಎರಡು ಕೈಗಳನ್ನು ವೇದಿಕೆ ಮೇಲೆ ಕೊಡಲಾಗುವುದಿಲ್ಲ. ಹಾಗಾಗಿ ಆ ಕೆಲಸವನ್ನು ಕೇಳದೆಯೇ ಅವ್ವಂದಿರಿಗೆ, ಹೆಂಡತಿಯರಿಗೆ, ಶಾಲೆ ಬಿಟ್ಟ ತಂಗಿಯರಿಗೆ ಹೊರಿಸಿದ್ದೇವೆ. ಅಂಧ ತಾಯಂದಿರಿಗೆ ಶಿಶುಪಾಲನೆಯ ಭತ್ಯೆ ಕೊಡುವಾಗ ಸರ್ಕಾರ ಆ ಕೈಗಳನ್ನು ಒಮ್ಮೆ ನೋಡಿತ್ತು. 2024–25ರ ರಾಜ್ಯ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿದಾಗ ಮತ್ತೊಮ್ಮೆ ನೋಡಿತು. ಓದಿ ನಾನು ಕುಣಿದಾಡಿದೆ. ಬೆನ್ನುಹುರಿ ಮುರಿದವರು ಆ ಪಟ್ಟಿಯಲ್ಲಿರಲಿಲ್ಲ.

ಹುಡುಗ ಕಾಯಲಿಲ್ಲ. ಮನೆಯ ಪಡಸಾಲೆಯಲ್ಲಿ ಮೊಬೈಲ್ ರಿಪೇರಿ ಇಟ್ಟ. ಓಣಿಯಲ್ಲಿ ಪಿಯುಸಿ ಮುಗಿಸಿ ಕುಂತಿದ್ದ ಒಬ್ಬನನ್ನು ಕರೆದು ಮಾತಾಡಿದ. ಬೆಳಿಗ್ಗೆ ಒಂದೂವರೆ ತಾಸು, ರಾತ್ರಿ ಅರ್ಧ ತಾಸು. ಪಗಾರದ ದುಡ್ಡಿನಲ್ಲಿ ಇಷ್ಟು, ರಿಪೇರಿಯಲ್ಲಿ ಇಷ್ಟು, ಜೊತೆಗೆ ಕೆಲಸವನ್ನೂ ಕಲಿಸುತ್ತೇನೆ. ನಾನು ಅಲ್ಲೇ ಇದ್ದೆ. "ನೀ ನನ್ನ ಎತ್ತೂ ಮುಂದ ಕೇಳ್ಬೇಕು. ನಾ ಹೂಂ ಅಂದ್ ಮ್ಯಾಲ ಕೈ ಹಚ್ಚು" ಅಂತ ಅವನು ಮೊದಲ ದಿನವೇ ಹೇಳಿದ. ಅವರವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಹೊರಗಿನವನಿಗೆ ಯಾಕೆ ರೊಕ್ಕ, ನಾನು ಸತ್ತೇನೇನು ಅಂತ ಅತ್ತಳು. ಆ ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಹೋದಳು. ಮಗ ಬಿದ್ದ ಮೇಲೆ ಅವಳು ಬೇರೆ ಮನೆಯಲ್ಲಿ ಮಲಗಿದ್ದು ಅದೇ ಮೊದಲು. ತಮ್ಮಂದಿರು ಸೀರೆ ಉಡಿಸಿ ಕಳಿಸಿದರು. ಊರಿಗೆ ಬಂದವಳು ನೇರ ನಮ್ಮ ಮನೆಗೆ ಬಂದು ಅಳ್ಳಿಟ್ಟಿನ ಉಂಡೆ ಕೊಟ್ಟಳು, ನನ್ನ ಅವ್ವನ ಹತ್ತಿರ ಕುಂತು ತವರಿನ ಸುದ್ದಿ ಹೇಳಿದಳು. ಇಬ್ಬರೂ ಮುದುಕಿಯರು ಬೆನ್ನುನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಬಹಳ ಹೊತ್ತು ಮಾತಾಡಿದರು.

ಅವನ ರಿಪೇರಿ ಒಂದು ತಿಂಗಳು ನಡೆಯುತ್ತದೆ, ಒಂದು ತಿಂಗಳು ಇಲ್ಲ. ನಡೆಯದ ತಿಂಗಳು ಸಹಾಯಕ್ಕೆ ಬರುವವನಿಗೆ ಕೊಡಲು ಇರುವುದಿಲ್ಲ, ಮತ್ತೆ ಅವ್ವನ ಬೆನ್ನು. ಅದಕ್ಕೇ ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಕುಂತು 38ನೆಯ ಕಲಮಿನ ಕೆಳಗೆ ಅರ್ಜಿ ಬರೆದೆವು. ಅದಕ್ಕೆ ನನ್ನ ಹತ್ತಿರ ಅಚ್ಚಾದ ನಮೂನೆ ಇರಲಿಲ್ಲ. ಬಿಳಿ ಹಾಳೆಯ ಮೇಲೆ ಅವನು ಹೇಳಿದ್ದನ್ನು ನಾನು ಬರೆದೆ. ಬೆಳಿಗ್ಗೆ ಏನೇನು ಬೇಕು, ಎಷ್ಟು ಹೊತ್ತು, ರಾತ್ರಿ ಏನು, ಬೇನೆಬಿದ್ದಾಗ ಏನು. ಸದ್ಯ ಅದನ್ನು ಯಾರು ಮಾಡುತ್ತಿದ್ದಾರೆ, ಅವರ ವಯಸ್ಸು, ಅವರು ಕಳೆದುಕೊಂಡ ಕೂಲಿ. ಸಹಾಯಕನನ್ನು ಆರಿಸುವುದು, ಬೇಡವಾದರೆ ಬಿಡಿಸುವುದು ಅರ್ಜಿದಾರನ ಕೈಯಲ್ಲಿರಬೇಕು ಎಂಬ ಸಾಲನ್ನು ಅವನು ಎರಡು ಸಲ ಓದಿಸಿ ಕೇಳಿದ. ಕೊಪ್ಪಳಕ್ಕೆ ನಾವೇ ಒಯ್ದು ಜಿಲ್ಲಾ ಕಚೇರಿಯಲ್ಲಿ ಕೊಟ್ಟು, ಮುದ್ರೆ ಹಾಕಿಸಿ ಸ್ವೀಕೃತಿ ಪಡೆದೆವು. ಅದರ ನಕಲನ್ನು ತಾವರಗೇರಾ, ದೋಟಿಹಾಳ, ಹನುಮನಾಳ ಕಡೆಯ ಕಾರ್ಯಕರ್ತರು ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಸ್ವೀಕೃತಿಯ ಮೇಲಿನ ಸಂಖ್ಯೆ ಹಿಡಿದುಕೊಂಡು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೇವೆ.